ಗಂಜಿ, ಒಡೆದ ಹಾಲು, ಕಾಫಿ ಚರಟ: ಅಡುಗೆಮನೆಯ ಉಳಿಕೆಯಿಂದ ಮಣ್ಣಿಗೆ ಮರಳುವ ವಸ್ತುಗಳನ್ನು ಮಾಡುವ ಬಗೆ

ಹಬ್ಬದ ಹಿಂದಿನ ದಿನ ಅನ್ನ ಬಸಿದ ಗಂಜಿಯಲ್ಲಿ ಹತ್ತಿ ಸೀರೆಯನ್ನೋ ಪಂಚೆಯನ್ನೋ ಅದ್ದಿ, ಹಿಂಡಿ, ನೆರಳಿನಲ್ಲಿ ಹರವಿದ್ದನ್ನು ನೋಡಿದವರಿಗೆ ಈ ಲೇಖನದ ಅರ್ಧ ವಿಷಯ ಆಗಲೇ ಗೊತ್ತಿದೆ. ಒಣಗಿದ ಬಟ್ಟೆ ಕಾಗದದಂತೆ ಗರಿಗರಿಯಾಗುವುದಕ್ಕೆ ಕಾರಣ, ನೂಲಿನ ಮೇಲೆ ಕೂತ ಪಿಷ್ಟದ ತೆಳುವಾದ ಪೊರೆ. ಬಟ್ಟೆಯ ಬದಲು ಸ್ಟೀಲ್ ತಟ್ಟೆಯ ಮೇಲೆ ಅದೇ ಪೊರೆಯನ್ನು ದಪ್ಪವಾಗಿ ಹರಡಿ, ಒಡೆಯದಂತೆ ಮೃದುಗೊಳಿಸಿ, ಎಬ್ಬಿಸಿ ತೆಗೆದರೆ ಅದು ಹಾಳೆಯಾಗುತ್ತದೆ. ಇಂದು ಪಿಷ್ಟದ ಪ್ಲಾಸ್ಟಿಕ್ ಎಂದು ಕರೆಯುವ ವಸ್ತುವಿನ ಮೂಲತತ್ವವೂ ಇಷ್ಟೇ.

ವಿಶ್ವಸಂಸ್ಥೆಯ ಪರಿಸರ ಕಾರ್ಯಕ್ರಮವು 2024ರಲ್ಲಿ ಪ್ರಕಟಿಸಿದ ವರದಿಯ ಪ್ರಕಾರ 2022ರಲ್ಲಿ ಜಗತ್ತಿನಲ್ಲಿ ಸುಮಾರು 105 ಕೋಟಿ ಟನ್ ಆಹಾರ ವ್ಯರ್ಥವಾಯಿತು, ಅದರಲ್ಲಿ 63 ಕೋಟಿ ಟನ್ನಿಗೂ ಹೆಚ್ಚು ಮನೆಗಳಿಂದಲೇ ಬಂದದ್ದು. ಆದರೂ ಒಂದು ಮಾತನ್ನು ಮೊದಲೇ ಹೇಳಬೇಕು. ತಿನ್ನಬಹುದಾದದ್ದನ್ನು ತಿನ್ನಬೇಕು, ಮನೆಯಲ್ಲೋ ಪಕ್ಕದ ಮನೆಯಲ್ಲೋ ದನವಿದ್ದರೆ ಅಕ್ಕಿ ತೊಳೆದ ನೀರು, ತರಕಾರಿ ಸಿಪ್ಪೆ ಕಲಗಚ್ಚಿಗೆ ಹೋಗಬೇಕು. ಹಲಸಿನ ಬೀಜದಲ್ಲಿ ಒಳ್ಳೆಯ ಪಿಷ್ಟವಿದೆಯೆಂದು ಅದನ್ನು ಹಾಳೆ ಮಾಡಲು ಅರೆಯುವುದು ನನ್ನ ಮಟ್ಟಿಗೆ ತಪ್ಪು, ಅದು ಸಾರಿಗೆ ಸೇರಬೇಕಾದ ವಸ್ತು. ಇಲ್ಲಿ ಹೇಳುವ ವಿಧಾನಗಳು ಆ ಎರಡೂ ದಾರಿ ಮುಚ್ಚಿದ ಮೇಲೆ ಉಳಿಯುವುದಕ್ಕೆ ಮಾತ್ರ: ಹಸಿರುಗಟ್ಟಿದ ಆಲೂಗಡ್ಡೆ, ಹುಳಿವಾಸನೆ ಬಂದ ಹಾಲು, ಮೊಟ್ಟೆಯ ಚಿಪ್ಪು, ಕಾಫಿ ಮತ್ತು ಚಹಾದ ಚರಟ.

ಯಾವ ಉಳಿಕೆಯಿಂದ ಏನಾಗುತ್ತದೆ ಎಂಬುದು ಅದರೊಳಗೆ ಏನಿದೆ ಎಂಬುದರ ಮೇಲೆ ನಿಂತಿದೆ. ಪಿಷ್ಟವಿರುವುದು ಹಾಳೆಯಾಗುತ್ತದೆ, ಅಂಟಾಗುತ್ತದೆ. ಹಾಲಿನ ಪ್ರೋಟೀನು ಗಟ್ಟಿಯಾದ ಗುಂಡಿ ಅಥವಾ ಮಣಿಯಾಗುತ್ತದೆ. ನಾರಿರುವ ಚರಟ ಮತ್ತು ಸುಣ್ಣದಂಶವಿರುವ ಚಿಪ್ಪು ತಾವಾಗಿಯೇ ಹಿಡಿದು ನಿಲ್ಲುವುದಿಲ್ಲ, ಅವಕ್ಕೆ ಅಂಟು ಬೇಕು, ಹಾಗಾಗಿ ಅವು ಕುಂಡಕ್ಕೆ ಸರಿ. ಈ ಲೆಕ್ಕ ಹಿಡಿಯದೆ ಎಲ್ಲ ಸಿಪ್ಪೆಯನ್ನೂ ಒಟ್ಟಿಗೆ ಮಿಕ್ಸಿಗೆ ಹಾಕಿ ಅರೆದು ಹರಡಿದರೆ ಸಿಗುವುದು ಬೂಸ್ಟು ಹಿಡಿದ ಮುದ್ದೆಯೇ ಹೊರತು ವಸ್ತುವಲ್ಲ.

ಪಿಷ್ಟದ ಹಾಳೆ

ಇದಕ್ಕೆ ಬೇಕಾದದ್ದು ಹಸಿರುಗಟ್ಟಿದ, ಸುಕ್ಕಾದ ಅಥವಾ ಮೊಳಕೆ ಬಂದು ತಿನ್ನಲು ಬಾರದ ಆಲೂಗಡ್ಡೆ. ಹಸಿರಾದ ಆಲೂಗಡ್ಡೆಯಲ್ಲಿ ಸೋಲನಿನ್ ಎಂಬ ವಿಷಕಾರಿ ಅಂಶ ಹೆಚ್ಚಿರುತ್ತದೆ, ಆದ್ದರಿಂದ ಅದನ್ನು ಬಿಸಾಡುವುದು ರೂಢಿ. ಆದರೆ ಅದರ ಪಿಷ್ಟಕ್ಕೆ ಕೊರತೆಯಿಲ್ಲ. ಮೊಳಕೆ ಉದ್ದವಾದಷ್ಟೂ ಗೆಡ್ಡೆಯೊಳಗಿನ ಪಿಷ್ಟ ಸಕ್ಕರೆಯಾಗಿ ಖರ್ಚಾಗುತ್ತಾ ಹೋಗುವುದರಿಂದ ತೀರಾ ಬತ್ತಿದ ಗೆಡ್ಡೆಯಿಂದ ಹೆಚ್ಚು ನಿರೀಕ್ಷಿಸಬಾರದು. ಒಂದು ಕಿಲೋ ಗೆಡ್ಡೆಯಿಂದ ಮನೆಯ ವಿಧಾನದಲ್ಲಿ ನೂರು ಗ್ರಾಮಿನಷ್ಟು ಒಣ ಪಿಷ್ಟ ಸಿಕ್ಕರೆ ಅದು ಒಳ್ಳೆಯ ಫಲವೇ.

ಗೆಡ್ಡೆಗಳನ್ನು ಮಣ್ಣು ಹೋಗುವಂತೆ ತೊಳೆದು, ಸಿಪ್ಪೆ ಸಮೇತ ತುರಿದು, ತುರಿ ಮುಳುಗುವಷ್ಟು ತಣ್ಣೀರು ಹಾಕಿ ಕೈಯಿಂದ ಚೆನ್ನಾಗಿ ಕಿವುಚಬೇಕು. ನೀರು ಹಾಲಿನಂತೆ ಬೆಳ್ಳಗಾದ ಮೇಲೆ ತೆಳುವಾದ ಪಂಚೆ ಬಟ್ಟೆಯಲ್ಲಿ ಸೋಸಿ, ಉಳಿದ ತುರಿಗೆ ಇನ್ನೊಮ್ಮೆ ನೀರು ಹಾಕಿ ಹಿಂಡಬೇಕು. ಸೋಸಿದ ನೀರನ್ನು ಅರ್ಧ ಗಂಟೆ ಅಲುಗಾಡಿಸದೆ ಇಟ್ಟರೆ ಪಾತ್ರೆಯ ತಳದಲ್ಲಿ ಬಿಳಿಯ ಪದರ ಕೂರುತ್ತದೆ. ಅದನ್ನು ಬೆರಳಿನಿಂದ ಒತ್ತಿದರೆ ಕಲ್ಲಿನಂತೆ ಗಟ್ಟಿ, ಕೈ ಸಡಿಲಿಸಿದರೆ ನೀರಿನಂತೆ ಹರಿಯುತ್ತದೆ. ಮೇಲಿನ ಕಂದುನೀರನ್ನು ಬಗ್ಗಿಸಿ, ಹೊಸ ನೀರು ಹಾಕಿ ಕದಡಿ, ಮತ್ತೆ ತಳ ಕೂರಿಸಬೇಕು. ಹೀಗೆ ಎರಡು ಬಾರಿ ತೊಳೆದರೆ ಪಿಷ್ಟ ಅಚ್ಚಬಿಳಿಯಾಗುತ್ತದೆ, ಮುಂದೆ ಹಾಳೆಗೆ ವಾಸನೆಯೂ ಬರುವುದಿಲ್ಲ. ಇದನ್ನು ತಟ್ಟೆಯಲ್ಲಿ ಒಣಗಿಸಿ ಡಬ್ಬಿಯಲ್ಲಿಟ್ಟುಕೊಂಡರೆ ತಿಂಗಳುಗಟ್ಟಲೆ ಕೆಡುವುದಿಲ್ಲ. ಹಿಂಡಿದ ತುರಿ ಗೊಬ್ಬರದ ಗುಂಡಿಗೆ ಹೋಗಲಿ. ಹಸಿರುಗಟ್ಟಿದ ಗೆಡ್ಡೆಯ ತುರಿಯನ್ನು ಮಾತ್ರ ದನಕ್ಕೆ ಹಾಕಬಾರದು.

ಹಾಳೆಯ ಅಳತೆ ಹೀಗಿದೆ. 20 ಗ್ರಾಂ ಒಣ ಪಿಷ್ಟ, 150 ಮಿಲಿಲೀಟರ್ ನೀರು, ಎರಡು ಸಣ್ಣ ಚಮಚ ವಿನೆಗರ್, ಒಂದೂವರೆ ಸಣ್ಣ ಚಮಚ ಗ್ಲಿಸರಿನ್. ಗ್ಲಿಸರಿನ್ ಔಷಧಿ ಅಂಗಡಿಯಲ್ಲಿ ಸಿಗುತ್ತದೆ. ಎಲ್ಲವನ್ನೂ ತಣ್ಣಗಿರುವಾಗಲೇ ಗಂಟಿಲ್ಲದಂತೆ ಕದಡಿ, ದಪ್ಪ ತಳದ ಪಾತ್ರೆಯಲ್ಲಿ ಸಣ್ಣ ಉರಿಯ ಮೇಲಿಟ್ಟು, ಸೌಟು ನಿಲ್ಲಿಸದೆ ತಿರುವುತ್ತಿರಬೇಕು. ಮೊದಲ ಕೆಲವು ನಿಮಿಷ ಏನೂ ಆಗುವುದಿಲ್ಲ, ಅದು ಬರಿಯ ಬಿಳಿನೀರಾಗಿಯೇ ಇರುತ್ತದೆ. ಶಾಖ ಸುಮಾರು 60ರಿಂದ 70 ಡಿಗ್ರಿ ಸೆಲ್ಸಿಯಸ್ ಮುಟ್ಟುತ್ತಿದ್ದಂತೆ ತಳದಲ್ಲಿ ಸೌಟಿಗೆ ಏನೋ ಅಡ್ಡ ಬಂದಂತಾಗಿ, ಬಿಳಿಯ ನಡುವೆ ಗಾಜಿನಂತಹ ಎಳೆಗಳು ಕಾಣಿಸಿಕೊಂಡು, ಒಂದೇ ನಿಮಿಷದಲ್ಲಿ ಇಡೀ ಪಾತ್ರೆ ರಾಗಿ ಅಂಬಲಿಯಷ್ಟು ಮಂದವಾಗಿ ಪಾರದರ್ಶಕವಾಗುತ್ತದೆ. ಪಿಷ್ಟದ ಕಣಗಳು ನೀರು ಕುಡಿದು ಉಬ್ಬಿ ಒಡೆದು, ಒಳಗೆ ಸುತ್ತಿಕೊಂಡಿದ್ದ ಉದ್ದನೆಯ ಎಳೆಗಳು ಹೊರಗೆ ಬಿಚ್ಚಿಕೊಂಡದ್ದು ಇದು. ಇನ್ನೂ ಮೂರು ನಾಲ್ಕು ನಿಮಿಷ ತಿರುವಿ, ಬಿಳಿ ಚುಕ್ಕೆ ಎಲ್ಲಿಯೂ ಉಳಿಯದಿದ್ದಾಗ ಇಳಿಸಬೇಕು. ಅವಸರಪಟ್ಟು ಮೊದಲೇ ಇಳಿಸಿದರೆ ಒಣಗಿದ ಹಾಳೆಯಲ್ಲಿ ಪುಡಿಪುಡಿಯಾದ ಕಲೆಗಳು ಉಳಿಯುತ್ತವೆ, ಹಾಳೆ ಹರಿಯುವುದೂ ಅಲ್ಲಿಂದಲೇ.

ಇಲ್ಲಿ ವಿನೆಗರಿನ ಕೆಲಸವನ್ನೂ ಗ್ಲಿಸರಿನ್ನಿನ ಕೆಲಸವನ್ನೂ ಅರಿತುಕೊಂಡರೆ ಮುಂದೆ ಅಳತೆಯನ್ನು ತಾವೇ ತಿದ್ದಿಕೊಳ್ಳಬಹುದು. ಪಿಷ್ಟದಲ್ಲಿ ಎರಡು ಬಗೆಯ ಎಳೆಗಳಿವೆ: ನೇರವಾದ ಅಮೈಲೋಸ್ ಮತ್ತು ಮರದ ಕೊಂಬೆಯಂತೆ ಕವಲೊಡೆದ ಅಮೈಲೋಪೆಕ್ಟಿನ್. ನೇರ ಎಳೆಗಳು ಒತ್ತೊತ್ತಾಗಿ ಕೂತು ಗಟ್ಟಿ ಪೊರೆಯಾಗುತ್ತವೆ, ಕವಲುಗಳು ಅದಕ್ಕೆ ಅಡ್ಡಿಯಾಗುತ್ತವೆ. ವಿನೆಗರಿನ ಆಮ್ಲ ಕಾಯಿಸುವಾಗ ಆ ಕವಲುಗಳನ್ನು ಕೊಂಚಮಟ್ಟಿಗೆ ಮುರಿಯುತ್ತದೆ. ಗ್ಲಿಸರಿನ್ ಎಳೆಗಳ ನಡುವೆ ಸೇರಿಕೊಂಡು ಅವು ಒಂದರ ಮೇಲೊಂದು ಜಾರುವಂತೆ ಮಾಡುತ್ತದೆ. ಅದಿಲ್ಲದಿದ್ದರೆ ಹಾಳೆ ಹಪ್ಪಳದಂತೆ ಚಟ್ಟೆಂದು ಮುರಿಯುತ್ತದೆ, ಹೆಚ್ಚಾದರೆ ಕೈಗೆ ಅಂಟುತ್ತದೆ.

ಗ್ಲಿಸರಿನ್ ಗಾಳಿಯ ತೇವವನ್ನು ಎಳೆದುಕೊಳ್ಳುವ ವಸ್ತು. ಹಾಗಾಗಿ ಮಂಗಳೂರು, ಉಡುಪಿ, ಆಗುಂಬೆಯ ಕಡೆಯವರು ಆಷಾಢದಲ್ಲಿ ಇದನ್ನು ಮಾಡುವುದಾದರೆ ಒಂದು ಚಮಚಕ್ಕೆ ಇಳಿಸಬೇಕು, ಬಳ್ಳಾರಿ, ರಾಯಚೂರು, ಕಲಬುರಗಿಯವರು ಬೇಸಗೆಯಲ್ಲಿ ಎರಡು ಚಮಚಕ್ಕೆ ಏರಿಸಬೇಕು. ಹೊರದೇಶಗಳಲ್ಲಿರುವ ಕನ್ನಡಿಗರಿಗೂ ಇದೇ ಮಾತು: ಹೀಟರ್ ಉರಿಯುವ ಚಳಿಗಾಲದ ಮನೆಯ ಗಾಳಿ ಬಳ್ಳಾರಿಯ ಬೇಸಗೆಯಷ್ಟೇ ಒಣಗಿರುತ್ತದೆ.

ಬಿಸಿಯಿರುವಾಗಲೇ ಹಿಟ್ಟನ್ನು ಒಂದು ತೊಟ್ಟು ಕೊಬ್ಬರಿ ಎಣ್ಣೆ ಸವರಿದ ಅಗಲವಾದ ಸ್ಟೀಲ್ ತಟ್ಟೆಗೆ ಸುರಿದು, ದೋಸೆ ಹರಡುವಂತೆ ಸೌಟಿನ ಬೆನ್ನಿನಿಂದ ಸಮನಾಗಿ ಹರಡಬೇಕು. ಮೇಲಿನ ಅಳತೆ ಮುಕ್ಕಾಲು ಅಡಿಯಿಂದ ಒಂದು ಅಡಿ ಅಗಲದ ತಟ್ಟೆಗೆ ಸರಿಹೋಗುತ್ತದೆ. ಗಾಳಿಗುಳ್ಳೆಗಳಿದ್ದರೆ ಸೂಜಿಯಿಂದ ಚುಚ್ಚಿ, ತಟ್ಟೆಯನ್ನು ನೆಲಕ್ಕೆ ಮೆಲ್ಲಗೆ ಕುಟ್ಟಬೇಕು. ಮೊದಲ ಸಲ ನಾನು ಬೇಗ ಒಣಗಲೆಂದು ತಟ್ಟೆಯನ್ನು ಮಾಳಿಗೆಯ ಬಿಸಿಲಿಗಿಟ್ಟೆ, ಸಂಜೆಯ ಹೊತ್ತಿಗೆ ಅದು ಬೇಸಗೆಯ ಕೆರೆಯ ತಳದಂತೆ ಬಿರುಕು ಬಿಟ್ಟು, ಅಂಚುಗಳೆಲ್ಲ ಮೇಲಕ್ಕೆ ಸುರುಳಿ ಸುತ್ತಿದ್ದವು. ಮೇಲ್ಪದರ ಮೊದಲು ಒಣಗಿ ಕುಗ್ಗಿ, ಕೆಳಗಿನ ಹಸಿಪದರ ಅದರ ಜತೆ ಸಾಗದಿದ್ದುದೇ ಕಾರಣ. ನೆರಳಿನಲ್ಲಿ, ಗಾಳಿಯಾಡುವಲ್ಲಿ, ಎರಡು ಮೂರು ದಿನ ಬಿಟ್ಟರೆ ಹಾಳೆ ಅಂಚಿನಿಂದ ತಾನೇ ಸಡಿಲವಾಗುತ್ತದೆ. ಉಗುರಿನಿಂದ ಒಂದು ಮೂಲೆ ಎಬ್ಬಿಸಿ ನಿಧಾನವಾಗಿ ಎಳೆದರೆ ತಟ್ಟೆಯ ಹೊಳಪನ್ನೇ ಹೊತ್ತುಕೊಂಡು ಇಡಿಯಾಗಿ ಬರುತ್ತದೆ. ಮಡಚಿ ನೋಡಿ, ಗೆರೆ ಬಿದ್ದರೂ ಮುರಿಯದಿದ್ದರೆ ಹದ ಸರಿಯಾಗಿದೆ.

ಬಣ್ಣ ಬೇಕೆಂದರೆ ಕಾಯಿಸುವ ನೀರಿನ ಬದಲು ಬೀಟ್‌ರೂಟ್ ಸಿಪ್ಪೆ ಬೇಯಿಸಿದ ನೀರು ಬಳಸಬಹುದು, ಅಥವಾ ಚಿಟಿಕೆ ಅರಿಸಿನ ಸೇರಿಸಬಹುದು. ಅರಿಸಿನದ ಹಾಳೆಗೆ ಸೋಪಿನ ನೀರು ಅಥವಾ ಸುಣ್ಣ ತಾಗಿದರೆ ಅಲ್ಲಿ ಕೆಂಪಾಗುತ್ತದೆ. ಅರಿಸಿನಕ್ಕೆ ಸುಣ್ಣ ಸೇರಿಸಿ ಕುಂಕುಮ ಮಾಡುವ ಹಳೆಯ ರಾಸಾಯನಿಕ ಕ್ರಿಯೆಯೇ ಅದು, ಮಕ್ಕಳಿಗೆ ತೋರಿಸಲು ಇದಕ್ಕಿಂತ ಒಳ್ಳೆಯ ಪಾಠ ಇನ್ನೊಂದಿಲ್ಲ.

ಈ ಹಾಳೆಗೆ ನೀರೆಂದರೆ ಆಗದು. ಹಾಲಿನ ಕವರಿಗೋ ಸಾರಿನ ಪೊಟ್ಟಣಕ್ಕೋ ಇದು ಬದಲಿಯಲ್ಲ, ಹಾಗೆಂದು ಹೇಳುವವರ ಮಾತನ್ನು ನಂಬಬಾರದು. ಒಣ ವಸ್ತುಗಳಿಗೆ ಇದು ಬಲು ಚೆಂದ: ಉಡುಗೊರೆಗೆ ಹೊದಿಕೆ, ಒಣಗಿದ ಹೂವಿನ ಪೊಟ್ಟಣ, ಪುಸ್ತಕದ ನಡುವಿನ ಗುರುತುಪಟ್ಟಿ. ಎಲ್ಲಕ್ಕಿಂತ ಉಪಯುಕ್ತವಾದದ್ದು ಬೀಜದ ಪಟ್ಟಿ. ಹಾಳೆಯ ಮೇಲ್ಮೈಯ ನೀರು ಆರಿ ಬೆರಳಿಗೆ ಅಂಟುವಷ್ಟು ಮಾತ್ರ ಹಸಿಯಿರುವಾಗ, ಬೆಳೆಗೆ ತಕ್ಕ ಅಂತರದಲ್ಲಿ ಮೂಲಂಗಿ, ಮೆಂತ್ಯ ಅಥವಾ ದಂಟಿನ ಬೀಜ ಒತ್ತಿ, ಪೂರ್ತಿ ಒಣಗಿದ ಮೇಲೆ ಪಟ್ಟಿಗಳಾಗಿ ಕತ್ತರಿಸಿಟ್ಟುಕೊಳ್ಳಬಹುದು. ಮಡಿಯಲ್ಲಿ ಗೆರೆ ಎಳೆದು ಪಟ್ಟಿಯನ್ನು ಮಲಗಿಸಿ ಮಣ್ಣು ಮುಚ್ಚಿ ನೀರು ಹಾಕಿದರೆ, ನೀರಿಗೆ ತಾಳದ ಹಾಳೆಯ ದೌರ್ಬಲ್ಯವೇ ಇಲ್ಲಿ ಗುಣವಾಗುತ್ತದೆ. ಇನ್ನೂ ಪೂರ್ತಿ ಹಸಿಯಿರುವಾಗ ಬೀಜ ಒತ್ತಿದರೆ ಅವು ಹಾಳೆಯಲ್ಲೇ ನೆನೆದು ಮೊಳೆತು ಸಾಯುತ್ತವೆ.

ಒಡೆದ ಹಾಲಿನ ಗುಂಡಿ, ಮತ್ತು ಮರಕ್ಕೆ ಅಂಟು

ಒಡೆದ ಹಾಲು ವಾಸನೆ ಕೆಟ್ಟಿಲ್ಲದಿದ್ದರೆ ಬೆಲ್ಲ ಸೇರಿಸಿ ಕಾಯಿಸಿ ತಿನ್ನುವುದೇ ಸರಿ. ಹುಳಿನಾತ ಹೊಡೆಯುವ ಹಾಲು ಮಾತ್ರ ಈ ಕೆಲಸಕ್ಕೆ. ಹಾಲಿನ ಪ್ರೋಟೀನಿನಲ್ಲಿ ಐದರಲ್ಲಿ ನಾಲ್ಕು ಪಾಲು ಕೇಸಿನ್. ಹುಳಿ ಹೆಚ್ಚಾದಾಗ ಅದು ನೀರಿನಿಂದ ಬೇರ್ಪಟ್ಟು ಗರಣೆ ಕಟ್ಟುತ್ತದೆ. 1899ರಲ್ಲಿ ಜರ್ಮನಿಯಲ್ಲಿ ಇದೇ ಕೇಸಿನ್ನನ್ನು ಫಾರ್ಮಾಲ್ಡಿಹೈಡ್‌ನಿಂದ ಗಟ್ಟಿಗೊಳಿಸುವ ವಿಧಾನಕ್ಕೆ ಪೇಟೆಂಟ್ ದೊರೆಯಿತು. ಗ್ಯಾಲಲಿತ್, ಅಂದರೆ ಹಾಲುಗಲ್ಲು, ಎಂಬ ಹೆಸರಿನಲ್ಲಿ ಅದು ಪೆಟ್ರೋಲಿಯಂ ಪ್ಲಾಸ್ಟಿಕ್‌ಗಳು ಬರುವ ಮೊದಲು ಗುಂಡಿ, ಬಾಚಣಿಗೆ, ಪೆನ್ನುಗಳಾಗಿ ಲೋಕವೆಲ್ಲ ಹರಡಿತ್ತು. ಫಾರ್ಮಾಲ್ಡಿಹೈಡ್ ಉಸಿರಿಗೂ ಕಣ್ಣಿಗೂ ಅಪಾಯಕಾರಿ, ಮನೆಯಲ್ಲಿ ಅದರ ಗೊಡವೆ ಬೇಡವೇ ಬೇಡ. ಅದಿಲ್ಲದೆ ಮಾಡಿದ ಗುಂಡಿ ನೀರಿನಲ್ಲಿ ನೆನೆದರೆ ಮೆತ್ತಗಾಗುತ್ತದೆಂಬುದನ್ನು ಒಪ್ಪಿಕೊಂಡು ಚೀಲ, ದಿಂಬಿನ ಹೊದಿಕೆ, ಸರದ ಮಣಿ ಮೊದಲಾದ ಒಣ ಜಾಗದಲ್ಲಿ ಬಳಸಬೇಕು; ಒಗೆಯುವ ಅಂಗಿಗೆ ಹೊಲಿಯಬಾರದು.

ಅರ್ಧ ಲೀಟರ್ ಹಾಲಿನ ಕೆನೆ ತೆಗೆದು, ಕೈ ತಾಗಿಸಲಾಗದಷ್ಟು ಬಿಸಿ ಮಾಡಿ, ಕುದಿಯುವ ಮೊದಲೇ ಇಳಿಸಿ, ಎರಡು ದೊಡ್ಡ ಚಮಚ ವಿನೆಗರನ್ನು ಸ್ವಲ್ಪ ಸ್ವಲ್ಪವಾಗಿ ಹಾಕುತ್ತಾ ತಿರುವಬೇಕು. ಆಗಲೇ ಹುಳಿಯಾದ ಹಾಲಿಗೆ ಇದರ ಅರ್ಧವೂ ಬೇಕಾಗದಿರಬಹುದು, ಮೇಲಿನ ನೀರು ಹಸಿರು ಮಿಶ್ರಿತ ಹಳದಿಯಾಗಿ ತಿಳಿಯಾದರೆ ಸಾಕೆಂದರ್ಥ. ಬಟ್ಟೆಯಲ್ಲಿ ಸೋಸಿ, ಗರಣೆಯನ್ನು ಉಗುರುಬೆಚ್ಚಗಿನ ನೀರಿನಲ್ಲಿ ಎರಡು ಸಲ ತೊಳೆಯುವುದನ್ನು ಯಾರೂ ಬಿಡಬಾರದು, ಹಾಲಿನ ಸಕ್ಕರೆ ಉಳಿದರೆ ಒಂದೇ ರಾತ್ರಿಯಲ್ಲಿ ಇರುವೆ ಸಾಲುಗಟ್ಟುತ್ತವೆ. ಗಟ್ಟಿಯಾಗಿ ಹಿಂಡಿ, ಚಪಾತಿ ಹಿಟ್ಟಿನಂತೆ ನಯವಾಗುವವರೆಗೆ ನಾದಿ, ಐದು ಮಿಲಿಮೀಟರ್ ದಪ್ಪಕ್ಕೆ ಒತ್ತಿ, ಬಾಟಲಿಯ ಮುಚ್ಚಳದಿಂದ ಬಿಲ್ಲೆಗಳಾಗಿ ಕತ್ತರಿಸಿ, ಕಡ್ಡಿಯಿಂದ ತೂತು ಮಾಡಬೇಕು. ಒಣಗುವಾಗ ಬಿಲ್ಲೆ ಗಣನೀಯವಾಗಿ ಕುಗ್ಗುವುದರಿಂದ ತೂತನ್ನೂ ಬಿಲ್ಲೆಯನ್ನೂ ಬೇಕಾದುದಕ್ಕಿಂತ ದೊಡ್ಡದಾಗಿಯೇ ಮಾಡಬೇಕು. ಎರಡು ಬಟ್ಟೆಗಳ ನಡುವೆ ಹಗುರವಾದ ಭಾರ ಹೇರಿ, ದಿನಕ್ಕೊಮ್ಮೆ ಮಗುಚಿ, ನಾಲ್ಕೈದು ದಿನ ನೆರಳಿನಲ್ಲಿ ಒಣಗಿಸಿದರೆ ದಂತದ ಬಣ್ಣದ, ಉಗುರಿನಿಂದ ತಟ್ಟಿದರೆ ಟಕ್ಕೆನ್ನುವ ಗುಂಡಿ ಸಿಗುತ್ತದೆ. ಕೆನೆ ತೆಗೆಯದಿದ್ದರೆ ಅದು ಜಿಡ್ಡಾಗಿ, ಪದರ ಬಿಡುತ್ತದೆ.

ಇದೇ ಗರಣೆಯಿಂದ ಆಗುವ ಅಂಟು ನನ್ನ ಅನುಭವದಲ್ಲಿ ಗುಂಡಿಗಿಂತ ಹೆಚ್ಚು ಉಪಯೋಗಕ್ಕೆ ಬಂದಿದೆ. ಹಿಂಡಿದ ಹಸಿ ಗರಣೆ ನಾಲ್ಕು ಪಾಲು, ಎಲೆ ಅಡಿಕೆಗೆ ಬಳಸುವ ಸುಣ್ಣ ಒಂದು ಪಾಲು ಸೇರಿಸಿ ಒರಳಿನಲ್ಲಿ ಅರೆದರೆ, ಪುಡಿಪುಡಿಯಾಗಿದ್ದದ್ದು ನೋಡನೋಡುತ್ತಲೇ ಜೇನಿನಂತೆ ಎಳೆಯೆಳೆಯಾಗುತ್ತದೆ. ಕೇಸಿನ್ ಮತ್ತು ಸುಣ್ಣದ ಈ ಅಂಟನ್ನು ಮೊದಲ ಮಹಾಯುದ್ಧದ ಕಾಲದ ಮರದ ವಿಮಾನಗಳ ಭಾಗಗಳನ್ನು ಜೋಡಿಸಲು ಬಳಸಿದ್ದರು, ಏಕೆಂದರೆ ಒಣಗಿದ ಮೇಲೆ ಇದು ಪಿಷ್ಟದ ಅಂಟಿನಂತೆ ತೇವಕ್ಕೆ ಕರಗುವುದಿಲ್ಲ. ಕಾಲು ಸಡಿಲವಾದ ಮಣೆ, ಕಿತ್ತ ಹಲಗೆ, ಕಾಗದದ ಪೆಟ್ಟಿಗೆ ಯಾವುದಕ್ಕೂ ಆಗುತ್ತದೆ. ಅರೆದ ಒಂದೆರಡು ಗಂಟೆಯೊಳಗೆ ಬಳಸಿ, ಜೋಡಿಸಿದ ಭಾಗವನ್ನು ರಾತ್ರಿಯಿಡೀ ಹಗ್ಗದಿಂದ ಬಿಗಿದಿಡಬೇಕು. ಸುಣ್ಣ ಕಣ್ಣಿಗೆ ಹಾರಿದರೆ ತೀವ್ರ ಹಾನಿಯಾಗುವುದರಿಂದ ಅರೆಯುವಾಗ ಮಕ್ಕಳನ್ನು ದೂರವಿಟ್ಟು, ಕೈಗೆ ಗವಸು ಹಾಕಿ, ಕನ್ನಡಕ ಧರಿಸಬೇಕು.

ಚರಟ ಮತ್ತು ಚಿಪ್ಪಿನ ಸಸಿಕುಂಡ

ಸಸಿಗೆಂದು ತರುವ ಕಪ್ಪು ಪ್ಲಾಸ್ಟಿಕ್ ಚೀಲಗಳು ಒಂದೇ ತಿಂಗಳ ಕೆಲಸಕ್ಕೆ ಬಂದು ತೋಟದಲ್ಲಿ ವರ್ಷಗಟ್ಟಲೆ ಉಳಿಯುತ್ತವೆ. ಅವುಗಳ ಬದಲಿಗೆ ಈ ಕುಂಡ. ಫಿಲ್ಟರಿನಲ್ಲಿ ಉಳಿದ ಕಾಫಿ ಚರಟ ಮತ್ತು ತೊಳೆದ ಚಹಾ ಚರಟವನ್ನು ಸಮಪಾಲಿನಲ್ಲಿ ಬೆರೆಸಿ ಚೆನ್ನಾಗಿ ಒಣಗಿಸಿಟ್ಟುಕೊಳ್ಳಬೇಕು. ಬರಿಯ ಕಾಫಿ ಚರಟ ಬೇಡ, ತಾಜಾ ಚರಟ ಎಳೆಯ ಸಸಿಯ ಬೆಳವಣಿಗೆಯನ್ನು ತಡೆಯುತ್ತದೆ. ಮೊಟ್ಟೆಯ ಚಿಪ್ಪನ್ನು ಹತ್ತು ನಿಮಿಷ ಕುದಿಸಿ, ಒಳಪೊರೆ ಸುಲಿದು, ಒಣಗಿಸಿ, ಮೂಗಿಗೆ ಬಟ್ಟೆ ಕಟ್ಟಿಕೊಂಡು ಪುಡಿ ಮಾಡಬೇಕು. ಚಿಪ್ಪಿನಲ್ಲಿ ನೂರಕ್ಕೆ ಸುಮಾರು 95 ಪಾಲು ಕ್ಯಾಲ್ಸಿಯಂ ಕಾರ್ಬೊನೇಟ್ ಆಗಿರುವುದರಿಂದ ಅದು ಕುಂಡಕ್ಕೆ ಬಿಗುವು ಕೊಡುತ್ತದೆ.

ಎರಡು ಲೋಟ ಚರಟ, ಒಂದು ಲೋಟ ಸಣ್ಣದಾಗಿ ಕತ್ತರಿಸಿದ ತೆಂಗಿನ ನಾರು, ಅರ್ಧ ಲೋಟ ಚಿಪ್ಪಿನ ಪುಡಿಗೆ ಬತ್ತಿಸಿ ಮಂದ ಮಾಡಿದ ಅನ್ನದ ಗಂಜಿಯನ್ನು ಉಂಡೆ ಕಟ್ಟಲು ಬರುವಷ್ಟು ಸೇರಿಸಿ ಕಲಸಬೇಕು. ಹಾಳೆಗೆ ಬಲ ಸಾಲದ ಅನ್ನದ ಗಂಜಿ ಈ ಕೆಲಸಕ್ಕೆ ಹೇಳಿ ಮಾಡಿಸಿದ್ದು. ಇಲ್ಲಿ ವಿನೆಗರ್ ಹಾಕಲೇಬಾರದು, ಅದು ಚಿಪ್ಪಿನ ಪುಡಿಯೊಂದಿಗೆ ಸೇರಿ ನೊರೆಗಟ್ಟಿ ಕುಂಡದ ಗೋಡೆಯೆಲ್ಲ ತೂತಾಗುತ್ತದೆ. ಎಣ್ಣೆ ಸವರಿದ ಸ್ಟೀಲ್ ಲೋಟದ ಒಳಗೋಡೆಗೆ ಕಿರುಬೆರಳಿನ ಅರ್ಧದಷ್ಟು ದಪ್ಪಕ್ಕೆ ಒತ್ತಿ, ತಳಕ್ಕೆ ಒಂದು ತೂತು ಮಾಡಿ, ಒಂದು ದಿನ ಬಿಟ್ಟು ತಲೆಕೆಳಗಾಗಿ ತಟ್ಟಿ ಹೊರತೆಗೆದು, ನಾಲ್ಕೈದು ದಿನ ಬಿಸಿಲಿಗಿಡಬಹುದು. ನಾರು ಹಿಡಿದಿರುವುದರಿಂದ ಇದು ಹಾಳೆಯಂತೆ ಬಿಸಿಲಿಗೆ ಬಿರಿಯುವುದಿಲ್ಲ.

ಟೊಮೇಟೊ, ಬದನೆ, ಮೆಣಸಿನ ಸಸಿಗೆ ಇದು ಮೂರು ನಾಲ್ಕು ವಾರ ತಾಳುತ್ತದೆ, ನೀರನ್ನು ಮಾತ್ರ ಕುಂಡದ ಗೋಡೆಗೆ ಬೀಳದಂತೆ ನಡುವೆ ಮೆಲ್ಲಗೆ ಹಾಕಬೇಕು. ಪಿಷ್ಟವನ್ನು ತಿನ್ನುವ ಸೂಕ್ಷ್ಮಜೀವಿಗಳು ಸುತ್ತಲಿನ ಸಾರಜನಕವನ್ನೂ ಎಳೆದುಕೊಳ್ಳುವುದರಿಂದ ಎಲೆ ಹಳದಿಯಾಗುವುದುಂಟು, ಆಗ ಹಟ್ಟಿಗೊಬ್ಬರ ನೆನೆಸಿದ ತಿಳಿನೀರು ಕೊಟ್ಟರೆ ಚೇತರಿಸಿಕೊಳ್ಳುತ್ತದೆ. ನೆಡುವಾಗ ತಳವನ್ನು ಬೆರಳಿನಿಂದ ಹರಿದು, ಕುಂಡದ ಅಂಚು ಮಣ್ಣಿನ ಮೇಲೆ ಇಣುಕದಂತೆ ಪೂರ್ತಿ ಹೂಳಬೇಕು, ಏಕೆಂದರೆ ಹೊರಗುಳಿದ ಅಂಚು ಬತ್ತಿಯಂತೆ ಬೇರಿನ ಬಳಿಯ ತೇವವನ್ನು ಗಾಳಿಗೆ ಎಳೆದುಬಿಡುತ್ತದೆ.

ಮಣ್ಣಿನಲ್ಲಿ ಹೂತು ನೋಡುವುದು

ಕರ್ನಾಟಕವು 2016ರ ಮಾರ್ಚ್‌ನಲ್ಲಿ ಪ್ಲಾಸ್ಟಿಕ್ ಚೀಲ, ತಟ್ಟೆ, ಲೋಟಗಳನ್ನು ನಿಷೇಧಿಸಿತು. 2022ರ ಜುಲೈ 1ರಿಂದ ಒಮ್ಮೆ ಬಳಸಿ ಎಸೆಯುವ ಹಲವು ಪ್ಲಾಸ್ಟಿಕ್ ವಸ್ತುಗಳ ಮೇಲೆ ದೇಶದಾದ್ಯಂತ ನಿಷೇಧ ಬಂತು. ಅಲ್ಲಿಂದೀಚೆಗೆ ಅಂಗಡಿಗಳಲ್ಲಿ ಗೊಬ್ಬರವಾಗುವ ಚೀಲ ಎಂಬ ಬರಹ ಹೆಚ್ಚಾಗಿ ಕಾಣಿಸುತ್ತಿದೆ. ಅವುಗಳಲ್ಲಿ ಹಲವು, ಮುಖ್ಯವಾಗಿ ಪಾಲಿಲ್ಯಾಕ್ಟಿಕ್ ಆಮ್ಲವೆಂಬ ಸಸ್ಯಮೂಲದ ಪ್ಲಾಸ್ಟಿಕ್‌ನಿಂದ ಮಾಡಿದವು, ಸುಮಾರು 60 ಡಿಗ್ರಿ ಶಾಖವನ್ನು ದಿನಗಟ್ಟಲೆ ಕಾಯ್ದುಕೊಳ್ಳುವ ದೊಡ್ಡ ಗೊಬ್ಬರ ಘಟಕಗಳಲ್ಲಿ ಮಾತ್ರ ಸರಿಯಾಗಿ ಕೊಳೆಯುತ್ತವೆ, ಹಿತ್ತಲಿನ ಗುಂಡಿಯಲ್ಲಿ ಹಾಗೆಯೇ ಉಳಿಯುತ್ತವೆ. ಆದ್ದರಿಂದ ಕೊಂಡದ್ದಾಗಲಿ ಮಾಡಿದ್ದಾಗಲಿ, ಬಾಯಿಮಾತನ್ನು ನಂಬುವ ಬದಲು ಹೂತು ನೋಡುವುದು ಒಳ್ಳೆಯದು.

ಒಂದು ಹಳೆಯ ಕುಂಡದಲ್ಲಿ ತೋಟದ ಮಣ್ಣು ತುಂಬಿಸಿ, ಒಂದು ಹಿಡಿ ಹಟ್ಟಿಗೊಬ್ಬರ ಸೇರಿಸಿ, ಹಾಳೆಯ ತುಂಡು, ಗುಂಡಿ, ಕುಂಡದ ಚೂರು, ಜತೆಗೆ ಅಂಗಡಿಯ ಚೀಲದ ತುಂಡು, ಎಲ್ಲವನ್ನೂ ಒಂದೇ ಅಳತೆಗೆ ಕತ್ತರಿಸಿ ನಾಲ್ಕು ಬೆರಳು ಆಳದಲ್ಲಿ ಬೇರೆ ಬೇರೆಯಾಗಿ ಹೂಳಬೇಕು. ಪ್ರತಿಯೊಂದರ ಪಕ್ಕದಲ್ಲೂ ತಾರೀಕು ಬರೆದ ಕಡ್ಡಿ ನೆಟ್ಟು, ಮಣ್ಣು ಹದವಾಗಿ ತೇವವಿರುವಂತೆ ನೋಡಿಕೊಂಡು, ವಾರಕ್ಕೊಮ್ಮೆ ಬಿಡಿಸಿ ನೋಡಬೇಕು. ಪಿಷ್ಟದ ಹಾಳೆ ಮೊದಲ ವಾರದಲ್ಲೇ ಲೋಳೆಯಾಗಿ, ಕೆಲವು ವಾರಗಳಲ್ಲಿ ಮಣ್ಣಿನಿಂದ ಬೇರ್ಪಡಿಸಲು ಬಾರದಂತಾಗುತ್ತದೆ. ಹಾಲಿನ ಗುಂಡಿಯ ಅಂಚು ಮೆಲ್ಲನೆ ಸವೆಯುತ್ತದೆ, ಮುಟ್ಟಿದರೆ ಜಾರುತ್ತದೆ. ಸಸಿಕುಂಡದ ಚೂರಿನಲ್ಲಿ ತೆಂಗಿನ ನಾರು ಎಲ್ಲಕ್ಕಿಂತ ಕೊನೆಗೆ ಉಳಿಯುತ್ತದೆ, ಚಿಪ್ಪಿನ ಬಿಳಿಯ ಚುಕ್ಕೆಗಳು ಮಣ್ಣಿನಲ್ಲಿ ಸುಣ್ಣದಂತೆ ಚದುರಿರುತ್ತವೆ. ಅಂಗಡಿಯ ಚೀಲದ ತುಂಡಿನ ಮಣ್ಣನ್ನು ಒರೆಸಿ ಬೆಳಕಿಗೆ ಹಿಡಿದು ನೋಡಿ, ಅದರ ಮೇಲಿನ ಅಕ್ಷರಗಳನ್ನು ಇನ್ನೂ ಓದಲು ಬಂದರೆ ಆ ಚೀಲವನ್ನು ಹಿತ್ತಲಿನ ಗುಂಡಿಗೆ ಹಾಕಬಾರದು.